ಕಥೆಯೊಳಗೆ ಅವ್ವ ಯಾವ ಭಾಷೆಯಲ್ಲಿ ಮಾತಾಡಬೇಕು?

ಕಂಡಿಕೆ | ಶನಿವಾರ, ರಾತ್ರಿ 10:40

ಇಷ್ಟು ದಿನ ಇಲ್ಲಿ ಸುಮ್ಮನೆ ಓದಿಕೊಂಡು ಹೋಗ್ತಿದ್ದವಳು, ಮೊದಲ ಸಲ ಏನೋ ಕೇಳ್ತಿದ್ದೀನಿ. ಸ್ವಲ್ಪ ಉದ್ದ ಆಗುತ್ತೆ, ಬೇಜಾರು ಮಾಡ್ಕೋಬೇಡಿ.

ನಾನು ಕಬ್ಬನ್‌ಪೇಟೆಯವಳು. ನೇಕಾರರ ಮನೆ. ಮುಂದಿನ ಹಜಾರದಲ್ಲಿ ಎರಡು ಮಗ್ಗ, ಹಿಂದೆ ಅಡುಗೆಮನೆ, ನಡುವೆ ಉಳಿದ ಜಾಗದಲ್ಲಿ ಏಳು ಜನ. ಮನೆಮಾತು ತೆಲುಗು. ಅದೂ ಆಂಧ್ರದವರು ಕೇಳಿದರೆ ನಗುವಂಥ ತೆಲುಗು. ಮುಳಬಾಗಿಲು ಕಡೆಯಿಂದ ಬಂದು ಪೇಟೆಯಲ್ಲಿ ನಾಲ್ಕು ತಲೆಮಾರು ಕಳೆಯುವಷ್ಟರಲ್ಲಿ ಅರ್ಧ ಕನ್ನಡವೇ ಆಗಿಹೋಗಿದೆ. ನಾನು ಓದಿದ್ದು ಕನ್ನಡ ಮೀಡಿಯಂ, ಬರೆಯೋದೂ ಕನ್ನಡ. ಎಳೆ ಎಣಿಸೋದು ಮಾತ್ರ ಇವತ್ತಿಗೂ ತೆಲುಗಿನಲ್ಲಿ.

ಅಜ್ಜಿಯ ಬಗ್ಗೆ ಒಂದು ಕಥೆ ಬರೆದೆ. ಅಜ್ಜಿನ ನಾವು ‘ಅವ್ವ’ ಅಂತೀವಿ. ಒಂದು ಪತ್ರಿಕೆಗೆ ಕಳಿಸಿದ್ದೆ, ವಾಪಸು ಬಂತು. ಸಂಪಾದಕರು ಪಾಪ ಎರಡು ಸಾಲು ಬರೆದಿದ್ದರು. ಮೊದಲನೆಯದು: ‘ಅವ್ವ ಮೂರನೇ ಪುಟದಲ್ಲಿ ತೀರಿಕೊಂಡ ಮೇಲೆ ಐದನೇ ಪುಟದಲ್ಲಿ ಅಮ್ಮ ಒಗ್ಗರಣೆ ಹಾಕುತ್ತಾಳೆ, ಗಮನಿಸಿ.’ ಇದಕ್ಕೆ ನಕ್ಕೆ. ಎರಡನೆಯದಕ್ಕೆ ನಗು ಬರಲಿಲ್ಲ: ‘ಪೇಟೆಯ ಮುದುಕಿ ಪಠ್ಯಪುಸ್ತಕದಂತೆ ಮಾತಾಡುತ್ತಾರೆ. ನಿಮ್ಮ ಮನೆ ಎಲ್ಲಿದೆ ಈ ಕಥೆಯಲ್ಲಿ?’

ಸರಿ, ಮನೆ ತರೋಣ ಅಂತ ಅವ್ವನ ಮಾತನ್ನೆಲ್ಲ ತೆಲುಗಿನಲ್ಲೇ ಇಟ್ಟೆ. ಶಿವಮೊಗ್ಗದ ಗೆಳತಿಗೆ ಓದಲು ಕೊಟ್ಟರೆ ಅವಳು ಎರಡನೇ ಪುಟಕ್ಕೇ ಕೈ ಎತ್ತಿದಳು. ಹಳ್ಳಿಗನ್ನಡ ಹಾಕಿದೆ, ಅವ್ವ ಮಂಡ್ಯದ ಯಾರದೋ ಅಜ್ಜಿ ಆಗಿಬಿಟ್ಟಳು. ತೆಲುಗು ಬರೆದು ಪಕ್ಕದಲ್ಲಿ ಕಂಸ ಹಾಕಿ ಅರ್ಥ ಕೊಟ್ಟೆ. ಎಸ್ಸೆಸ್ಸೆಲ್ಸಿ ಗೈಡ್ ಥರ ಕಾಣ್ತು. ನೀವೆಲ್ಲ ಏನು ಮಾಡ್ತೀರಿ? ಮನೆಯ ಮಾತು ಒಂದು, ಬರಹದ ಮಾತು ಇನ್ನೊಂದು ಇರೋರು ಇಲ್ಲಿ ಬೇಕಾದಷ್ಟು ಜನ ಇದ್ದೀರಿ ಅಂತ ಗೊತ್ತು.

ಗಾಂಧಿಬಜಾರ್ ಬೆಂಚು | ಶನಿವಾರ, ರಾತ್ರಿ 11:15

ಇದಕ್ಕೆಲ್ಲ ಚಿಂತೆ ಯಾಕಮ್ಮ? ಕನ್ನಡ ಸಾಹಿತ್ಯವನ್ನು ಅರ್ಧಕ್ಕರ್ಧ ಕಟ್ಟಿದವರೇ ಬೇರೆ ಮನೆಮಾತಿನವರು. ಗವಿಪುರದ ಮನೆಯಲ್ಲಿ ಕೂತು ಬರೆದ ಮಾಸ್ತಿಯವರ ಮನೆಮಾತು ತಮಿಳು, 1983ರ ಜ್ಞಾನಪೀಠ. ಬೇಂದ್ರೆಯವರದು ಮರಾಠಿ, 1973ರ ಜ್ಞಾನಪೀಠ. ಕಾರ್ನಾಡರದು ಕೊಂಕಣಿ, 1998. ಪು.ತಿ.ನ. ತಮಿಳು, ಕೈಲಾಸಂ ತಮಿಳು, ನಿಸಾರ್ ಅಹಮದ್ ಉರ್ದು. ಇವರ ಸಾಲಿನಲ್ಲಿ ನೀವೂ ಧೈರ್ಯವಾಗಿ ನಿಂತುಕೊಳ್ಳಿ.

ಇನ್ನೊಂದು ಮಾತು. ನೇಕಾರರ ಮನೆ ಅಂದಮೇಲೆ ದೇವಾಂಗರೇ ಇರಬೇಕು. ಎಂಥ ಪರಂಪರೆ! ದೇವರ ದಾಸಿಮಯ್ಯ, ಚೌಡೇಶ್ವರಿ ಹಬ್ಬ, ಪಕ್ಕದಲ್ಲೇ ಧರ್ಮರಾಯನ ಗುಡಿ, ಚೈತ್ರ ಪೌರ್ಣಮಿಯ ರಾತ್ರಿ ಮನೆ ಮುಂದೆ ಕರಗ. ಇದನ್ನೆಲ್ಲ ತನ್ನಿ. ಮನೆ ತಾನಾಗಿಯೇ ಬರುತ್ತೆ.

ಪ್ರೂಫ್ ನೋಡೋನು | ಭಾನುವಾರ, ಬೆಳಿಗ್ಗೆ 7:50

ಬೆಂಚಿನವರೇ, ತಪ್ಪು ತಿಳೀಬೇಡಿ. ಈ ಪಟ್ಟಿ ಪ್ರತಿ ನವೆಂಬರಿನಲ್ಲಿ ವೇದಿಕೆ ಮೇಲೆ ಕೇಳ್ತೀವಿ. ಮಾಸ್ತಿ ತಮಿಳು, ಬೇಂದ್ರೆ ಮರಾಠಿ, ಚಪ್ಪಾಳೆ, ಉಪ್ಪಿಟ್ಟು-ಕೇಸರಿಬಾತು. ಆಕೆ ಕೇಳಿದ್ದು ಧೈರ್ಯ ಅಲ್ಲ. ಮೂರನೇ ಪುಟದಲ್ಲಿ ಮುದುಕಿ ಬಾಯಿ ತೆರೆದರೆ ಯಾವ ಅಕ್ಷರ ಅಚ್ಚು ಹಾಕಬೇಕು ಅಂತ.

ಪಟ್ಟಿಯಲ್ಲಿ ಆಕೆಗೆ ನಿಜವಾಗಿ ಉಪಯೋಗ ಆಗೋದು ಕೈಲಾಸಂ ಒಬ್ಬರೇ ಅಂತ ನನ್ನ ಅನಿಸಿಕೆ. ಮನೆಯ ತಮಿಳು ತರಲಿಲ್ಲ, ಪುಸ್ತಕದ ಕನ್ನಡವನ್ನೂ ತರಲಿಲ್ಲ. ಆಗಿನ ಬೆಂಗಳೂರಿನ ಮನೆಗಳಲ್ಲಿ ಜನ ಇಂಗ್ಲಿಷು ಬೆರೆಸಿಕೊಂಡು ಹೇಗೆ ಆಡ್ತಿದ್ದರೋ ಹಾಗೇ ತಂದು ರಂಗದ ಮೇಲೆ ನಿಲ್ಲಿಸಿದರು. ಯಾರು ಯಾವಾಗ ಯಾಕೆ ಇಂಗ್ಲಿಷಿಗೆ ಹಾರ್ತಾರೆ ಅನ್ನೋದರಲ್ಲೇ ಆ ಮನುಷ್ಯ ಎಂಥವನು ಅಂತ ಗೊತ್ತಾಗಿಬಿಡುತ್ತೆ.

ಕರಗದ ವಿಷಯ. ನಾನು ವರ್ಷಕ್ಕೆ ನೂರಾರು ಕಥೆಯ ಪ್ರೂಫ್ ನೋಡ್ತೀನಿ. ಬೆಂಗಳೂರಿನ ಕಥೆ ಅಂದರೆ ಕರಗ ಒಂದು ಪ್ಯಾರಾ, ಕಡಲೆಕಾಯಿ ಪರಿಷೆ ಒಂದು ಪ್ಯಾರಾ, ಹಿತಕಿದ ಅವರೆಬೇಳೆ ಸಾರು ಒಂದೂವರೆ ಪ್ಯಾರಾ, ಕೊನೆಗೆ ಅಜ್ಜಿ ಸಾಯ್ತಾಳೆ. ದಯವಿಟ್ಟು ಬೇಡ.

ಕಂಸದ ಬಗ್ಗೆ: ತೆಗೆದುಹಾಕಿ. ತೆಲುಗನ್ನು ಕನ್ನಡ ಅಕ್ಷರದಲ್ಲಿ ಬರೆದರೆ ನಾವು ಹೆದರೋದು ಸುಮ್ಮನೆ. ನಿಮ್ಮ ಅವ್ವ ಹಾಲಿಗೆ ಪಾಲು ಅಂತಾರೆ, ಹುಲಿಗೆ ಪುಲಿ ಅಂತಾರೆ. ಪಂಪನೂ ಹಾಗೇ ಬರೆದಿದ್ದು: ಪಾಲ್, ಪುಲಿ. ‘ಪ’ ಬಿಟ್ಟು ‘ಹ’ ಹಿಡಿದವರು ಆಮೇಲಿನ ನಾವು. ಒಂದು ಚಿಕ್ಕ ವಾಕ್ಯ ಸಂದರ್ಭದ ಜೊತೆ ಬಂದರೆ ಶಿವಮೊಗ್ಗದವರಿಗೂ ಅರ್ಥ ಆಗುತ್ತೆ. ಇಡೀ ಪುಟ ಬಂದರೆ ಯಾರಿಗೂ ಆಗಲ್ಲ.

ತೋಪಿ ತೆನಿ | ಭಾನುವಾರ, ಬೆಳಿಗ್ಗೆ 9:05

ನಾ ಇಳಕಲ್ ಕಡಿಯಾಂವ್ರಿ, ಈಗ ನಾಗರಬಾವಿಯಾಗ ಇರ್ತೀನಿ. ಅಕ್ಕಾರ, ಆ ಸಂಪಾದಕರದು ಏನೂ ತಪ್ಪಿಲ್ಲ. ನಮ್ಮ ಮನ್ಯಾಗ ಅವ್ವ ಅಂದ್ರ ಹಡದಾಕಿ, ಅಮ್ಮ ಅಂದ್ರ ಅಜ್ಜಿ. ನಿಮ್ಮದು ಪೂರಾ ಉಲ್ಟಾ. ನಿಮ್ಮ ಕಥಿ ಓದಿದ್ರ ನಾ ತಾಯಿ ಸತ್ತಳಂತ ಒಂದ ಸಲ ಅಳಬೇಕು, ಆಮ್ಯಾಲ ಅಜ್ಜಿ ಒಗ್ಗರಣಿ ಹಾಕೂದ ನೋಡಿ ಕಣ್ಣೀರ ಒರಸ್ಕೋಬೇಕು.

ಆದ್ರ ಬದಲ ಮಾಡಬ್ಯಾಡ್ರಿ. ನಂದೊಂದು ಕಥಿ ಈ ಊರಾಗ ಅಚ್ಚಾತು. ನಾ ‘ಅಪ್ಪ ಹೊಲಕ್ಕ ಹೋಗ್ಯಾನ’ ಅಂತ ಬರದಿದ್ದೆ. ಅವರು ‘ತಂದೆ ಹೊಲಕ್ಕೆ ಹೋಗಿದ್ದಾರೆ’ ಅಂತ ಮಾಡಿದ್ರು. ಓದಿದ್ರ ನಮ್ಮಪ್ಪ ಬ್ಯಾಂಕ್ ಮ್ಯಾನೇಜರ್ ಆಗಿ ಹೊಲಾ ಇನ್‌ಸ್ಪೆಕ್ಷನ್ ಮಾಡಾಕ ಹೋದಂಗ ಆಗಿತ್ತು. ಕನ್ನಡದಾಗ ಕನ್ನಡ ಬರದ್ರೂ ಹಿಂಗ. ನಿಮ್ಮದು ತೆಲುಗು ಬ್ಯಾರೆ.

ನೀವೂ ನೇಕಾರ ಮಂದಿ ಅಂದ್ರಿ, ಅದಕ್ಕ ಹೇಳ್ತೀನಿ. ಇಳಕಲ್ ಸೀರಿಯೊಳಗ ಮೈಯ ಹಾಸು ಬ್ಯಾರೆ, ಸೆರಗಿನ ಹಾಸು ಬ್ಯಾರೆ. ಎರಡೂ ಎಳಿ ಕುಣಿಕಿ ಹಾಕಿ ಜೋಡಸ್ತಾರ, ಅದಕ್ಕ ತೋಪಿ ತೆನಿ ಅಂತಾರ. ಆ ಜೋಡು ಎಲ್ಲಿ ಐತಿ ಅಂತ ಕೈಯಾಡಿಸಿದ್ರ ಗೊತ್ತಾಗ್ತದ. ಮುಚ್ಚಿಡೂದಿಲ್ಲ ಯಾರೂ.

ಸಿರಿಗನ್ನಡ_76 | ಭಾನುವಾರ, ಬೆಳಿಗ್ಗೆ 9:30

ಕನ್ನಡದಲ್ಲಿ ಬರೆಯುವುದಾದರೆ ಕನ್ನಡದಲ್ಲೇ ಬರೆಯಿರಿ. ಬೆಂಗಳೂರಿನಲ್ಲಿ ಅಂಗಡಿಗೆ ಹೋದರೆ ಕನ್ನಡ ಇಲ್ಲ, ಆಟೊದಲ್ಲಿ ಇಲ್ಲ, ಅಪಾರ್ಟ್‌ಮೆಂಟಿನ ಮೀಟಿಂಗಿನಲ್ಲಿ ಇಲ್ಲ. ಉಳಿದಿರುವುದು ಪುಸ್ತಕ ಒಂದೇ. ಅಲ್ಲಿಗೂ ತೆಲುಗು ತುರುಕಿದರೆ ಇನ್ನೇನು ಉಳಿಯಿತು? ಕಹಿ ಅನ್ನಿಸಬಹುದು, ಆದರೆ ಯಾರಾದರೂ ಹೇಳಲೇಬೇಕಿತ್ತು.

ಹೊರಮಾವು ಹುಡುಗ | ಭಾನುವಾರ, ಬೆಳಿಗ್ಗೆ 9:34

ಗುರೂ, ‘ಅಪಾರ್ಟ್‌ಮೆಂಟಿನ ಮೀಟಿಂಗು’ ಅಂತ ನೀವೇ ಬರೆದ್ರಲ್ಲ.

ನಿರ್ವಾಹಕ | ಭಾನುವಾರ, ಬೆಳಿಗ್ಗೆ 9:50

ಇದರ ಕೆಳಗೆ ಬಂದ ಹನ್ನೊಂದು ಉತ್ತರ ತೆಗೆದಿದ್ದೇನೆ. ಭಾಷಾ ಜಗಳಕ್ಕೆ ಬೇರೆ ಎಳೆ ಇದೆ, ಅಲ್ಲಿಗೆ ಹೋಗಿ.

ಕಂಡಿಕೆ | ಭಾನುವಾರ, ಮಧ್ಯಾಹ್ನ 1:20

ಸಿರಿಗನ್ನಡ ಅವರೇ, ನಿಮ್ಮ ಸಂಕಟ ನನಗೆ ಅರ್ಥ ಆಗದ್ದೇನಲ್ಲ. ನಮ್ಮಪ್ಪ ಗೋಕಾಕ್ ಚಳವಳಿಯ ಮೆರವಣಿಗೆಯಲ್ಲಿ ನಡೆದವರು. 1982ರಲ್ಲಿ ರಾಜ್‌ಕುಮಾರ್ ಬರ್ತಾರೆ ಅಂತ ಒಂದು ದಿನದ ನೇಯ್ಗೆ ಬಿಟ್ಟು ಹೋಗಿದ್ದರಂತೆ. ಕೂಗಿ ಕೂಗಿ ಗಂಟಲು ಕಟ್ಟಿಸಿಕೊಂಡು ಬಂದವರಿಗೆ ಅವ್ವ ತೆಲುಗಿನಲ್ಲಿ ಬೈಯುತ್ತಾ ಬಿಸಿನೀರು ಕೊಟ್ಟಳಂತೆ. ಅಪ್ಪನಿಗೆ ಇದರಲ್ಲಿ ಎಡವಟ್ಟು ಏನೂ ಕಂಡಿಲ್ಲ, ಇವತ್ತಿಗೂ.

ಬೆಂಚಿನ ಸರ್, ನೀವು ಊಹಿಸಿದ್ದು ಸರಿ, ದೇವಾಂಗರೇ. ದಾಸಿಮಯ್ಯನ ಫೋಟೊ ನಮ್ಮ ಮಗ್ಗದ ಮೇಲಿತ್ತು, ದಿನಾ ಊದುಬತ್ತಿ. (ದೇವರ ದಾಸಿಮಯ್ಯ, ಜೇಡರ ದಾಸಿಮಯ್ಯ ಒಬ್ಬರೋ ಇಬ್ಬರೋ ಅನ್ನೋ ಜಗಳ ಇಲ್ಲಿ ತೆಗೀಬೇಡಿ, ಪುಣ್ಯ ಬರುತ್ತೆ.) ಆದರೆ ಮನೆಯಲ್ಲಿ ಯಾರೂ ಅವರ ಒಂದು ವಚನ ಓದಿರಲಿಲ್ಲ. ನಾನು ಪಿಯುಸಿಯಲ್ಲಿದ್ದಾಗ ಓದಿಕೊಂಡು ಬಂದು, ‘ಅವ್ವಾ, ಇವರ ಅಂಕಿತ ರಾಮನಾಥ ಅಂತೆ’ ಅಂದೆ. ಅವ್ವ ಕಂಡಿಕೆ ಸುತ್ತುತ್ತಲೇ ಕೇಳಿದಳು, ‘ಅದಿರಲಿ, ನೇಯ್ಗೆ ಹೇಗಿತ್ತಂತೆ?’

ಇನ್ನು ಕರಗ. ಹೌದು, ನಮ್ಮ ಬೀದಿ ದಾಟಿಯೇ ಹೋಗುತ್ತೆ. ಆ ರಾತ್ರಿ ಮಹಡಿ ಮೇಲೆ ನಿಂತು ನೋಡೋಕೆ ನೆಂಟರು ಹದಿನೈದು ಇಪ್ಪತ್ತು ಜನ ಬರ್ತಾರೆ. ಅಮ್ಮ ಕೆಳಗೆ ಅವರಿಗೆಲ್ಲ ಚಿತ್ರಾನ್ನ ಕಲಸ್ತಾ ಇರ್ತಾಳೆ. ಮೊನ್ನೆ ಬರೆಯೋಕೆ ಅಂತ ಕೇಳಿದಾಗ ಗೊತ್ತಾಯ್ತು: ಮದುವೆಯಾಗಿ ಆ ಮನೆಗೆ ಬಂದು ಮೂವತ್ತೆರಡು ವರ್ಷ, ಅಮ್ಮ ಒಂದೇ ಒಂದು ಸಲವೂ ಕರಗ ನೋಡಿಲ್ಲ. ಗಂಟೆ ಸದ್ದು, ‘ಗೋವಿಂದ’ ಅನ್ನೋ ಕೂಗು ಅಡುಗೆಮನೆಗೆ ಕೇಳುತ್ತಂತೆ, ಅಷ್ಟೇ.

ಮಾಗಡಿ ರೋಡು | ಭಾನುವಾರ, ಸಂಜೆ 6:10

ಪರಂಪರೆ, ಸಂಪ್ರದಾಯ ಅನ್ನೋ ಮಾತು ಇಲ್ಲಿ ಬಹಳ ಸಲೀಸಾಗಿ ಓಡಾಡ್ತಿದೆ. ನನಗೆ ಅದು ಸಲೀಸಲ್ಲ, ಯಾಕೆ ಅಂತ ಹೇಳ್ತೀನಿ.

ನಮ್ಮಜ್ಜ ತಮಟೆ ಬಡೀತಿದ್ದ. ಊರಲ್ಲಿ ಯಾರಾದರೂ ಸತ್ತರೆ ನಡುರಾತ್ರಿ ಬಂದು ದೂರದಿಂದಲೇ ಕೂಗೋರು. ಹೋಗಲೇಬೇಕು, ಆಗಲ್ಲ ಅನ್ನೋ ಹಾಗಿಲ್ಲ. ಕೂಲಿ ಅಂದರೆ ಒಂದಿಷ್ಟು ರಾಗಿ, ಸೆರೆ. ನಮ್ಮಪ್ಪ ಬೆಂಗಳೂರಿಗೆ ಬಂದು ಮಿಲ್ಲಿಗೆ ಸೇರಿದ ದಿನ ಮೊದಲು ಮಾಡಿದ ಕೆಲಸ ಏನು ಗೊತ್ತಾ? ಆ ತಮಟೇನ ಊರಲ್ಲೇ ಬಿಟ್ಟು ಬಂದದ್ದು. ನಾನು ಶಾಲೆಯಲ್ಲಿ ಬೆಂಚು ತಟ್ಟಿದರೂ ಕೈಮೇಲೆ ಹೊಡೆಯೋನು. ಈಗ ಅದೇ ತಮಟೆ ರವೀಂದ್ರ ಕಲಾಕ್ಷೇತ್ರದಲ್ಲಿ ಜಾನಪದ ಕಲೆ. 2023ರಲ್ಲಿ ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪನವರಿಗೆ ತಮಟೆಗೇ ಪದ್ಮಶ್ರೀ ಬಂತು. ಅಪ್ಪ ಟಿವಿಯಲ್ಲಿ ಆ ಸುದ್ದಿ ಕೊನೇತನಕ ನೋಡಿದ. ನೋಡಿ ಎದ್ದುಹೋಗಿ ಬಚ್ಚಲಲ್ಲಿ ಬಹಳ ಹೊತ್ತು ಕೈಕಾಲು ತೊಳ್ಕೊಂಡ. ಏನನ್ನಿಸ್ತಪ್ಪ ಅಂತ ಕೇಳೋಕೆ ನನಗೆ ಧೈರ್ಯ ಆಗಲಿಲ್ಲ.

ನಾನು ಆ ತಮಟೆ ಬಗ್ಗೆ ಬರೆದರೆ ಯಾರ ಪರವಾಗಿ ಬರೀಬೇಕು? ಬಡಿದ ಅಜ್ಜನ ಪರವಾಗೋ, ಬಿಟ್ಟುಬಂದ ಅಪ್ಪನ ಪರವಾಗೋ? ‘ನಿಮ್ಮ ಬೇರುಗಳಿಗೆ ಹೋಗಿ ಬರೀರಿ’ ಅಂತ ಕಮ್ಮಟಗಳಲ್ಲಿ ಹೇಳ್ತಾರೆ. ಕೆಲವರ ಮನೇಲಿ ಬೇರು ಕಿತ್ತುಕೊಂಡು ಬಂದದ್ದೇ ದೊಡ್ಡ ಸಾಧನೆ, ಸ್ವಾಮಿ.

ಇದಕ್ಕೆ ನನಗೆ ದಾರಿ ತೋರಿಸಿದ್ದು ಸಿದ್ಧಲಿಂಗಯ್ಯನವರ ‘ಊರುಕೇರಿ’. ಅವರೂ ಮಾಗಡಿ ಸೀಮೆಯವರು, ಆಮೇಲೆ ಶ್ರೀರಾಂಪುರ. ಇಬ್ಬರು ಗಂಡಸರ ಹೆಗಲಿಗೆ ನೊಗ ಹೂಡಿ ಹೊಲ ಉಳ್ತಿರೋದನ್ನ ಮಗು ನೋಡುತ್ತೆ. ಅದರಲ್ಲಿ ಒಬ್ಬ ಅವರಪ್ಪ. ಅದನ್ನ ಅವರು ಕೂಗಿ ಹೇಳಲ್ಲ. ಮಗು ಕಣ್ಣಿಗೆ ಹೇಗೆ ಕಂಡಿತೋ ಹಾಗೆ ಇಟ್ಟು ಮುಂದಕ್ಕೆ ಹೋಗ್ತಾರೆ, ಮುಂದಿನ ಪುಟಗಳಲ್ಲಿ ನಗಿಸ್ತಾರೆ ಬೇರೆ. ನಾನು ಮೊದಲ ಸಲ ಓದಿದಾಗ 45ನೇ ನಂಬರ್ ಬಸ್ಸಲ್ಲಿದ್ದೆ. ನನ್ನ ಸ್ಟಾಪು ದಾಟಿಹೋಯ್ತು.

ತಂಗೀ, ನಿಮ್ಮ ಅವ್ವ ಯಾವ ಭಾಷೆ ಆಡ್ತಾರೆ ಅನ್ನೋದಕ್ಕಿಂತ ಆ ಚಿತ್ರಾನ್ನದ ಪ್ಯಾರಾ ನನ್ನನ್ನ ಹಿಡಿದು ನಿಲ್ಲಿಸ್ತು.

ನಕ್ಕೊ ಮೇಡಂ | ಭಾನುವಾರ, ರಾತ್ರಿ 9:25

ಶಿವಾಜಿನಗರದಿಂದ. ಮನೇಲಿ ದಖನಿ. ‘ಉರ್ದು’ ಅಂತ ಜನ ಹೇಳ್ತಾರೆ, ಲಖನೌದವರು ಕೇಳಿದರೆ ಮೂರ್ಛೆ ಹೋಗ್ತಾರೆ. ಬೇಡ ಅನ್ನೋಕೆ ನಕ್ಕೊ, ಹೌದು ಅನ್ನೋಕೆ ಹೌ. ಕನ್ನಡದ ‘ಹೌದು’ ಪಕ್ಕದಲ್ಲಿ ಕೂರಿಸಿ ನೋಡಿ, ಅಕ್ಕತಂಗೀರ ಥರ ಕಾಣುತ್ತೆ.

ನನ್ನ ಗೋಳೇ ಬೇರೆ. ನಾನು ಬರೆದ ಮೊದಲ ಕಥೆ ಲಿಫ್ಟ್ ಕೆಟ್ಟುಹೋದ ಆಫೀಸಿನಲ್ಲಿ ನಡೆಯುತ್ತೆ. ಒಬ್ಬ ಹಿರಿಯರು ಓದಿ, ‘ಚೆನ್ನಾಗಿದೆ, ಆದರೆ ನಿಮ್ಮ ಸಮುದಾಯದ ಬದುಕು ಇದರಲ್ಲಿ ಕಾಣಲಿಲ್ಲ’ ಅಂದರು. ಲಿಫ್ಟಿನಲ್ಲಿ ಸಿಕ್ಕಿಹಾಕಿಕೊಂಡವಳು ನಾನೇ ಸರ್, ಇನ್ನೇನು ಬಿರಿಯಾನಿ ಬಟ್ಟಲು ಹಿಡ್ಕೊಂಡು ಸಿಕ್ಕಿಹಾಕಿಕೊಳ್ಳಬೇಕಿತ್ತಾ? ನಮ್ಮಂಥವರು ಕಥೆ ಬರೆದರೆ ಸಾಲದು, ಸೆನ್ಸಸ್ಸೂ ಬರೆದುಕೊಡಬೇಕು.

ಆದರೂ ಒಂದು ಮಾತು ಒಪ್ಪಿಕೊಳ್ತೀನಿ. 2025ರಲ್ಲಿ ಬಾನು ಮುಷ್ತಾಕ್ ಅವರ ಕಥೆಗಳಿಗೆ ಇಂಟರ್‌ನ್ಯಾಷನಲ್ ಬುಕರ್ ಬಂದಾಗ ನಮ್ಮ ಅಮ್ಮೀಜಾನ್ ಪೇಪರು ಹಿಡಿದುಕೊಂಡು ಪಕ್ಕದ ಮನೆಗೆಲ್ಲ ಹೋಗಿ ತೋರಿಸಿದರು, ಅವರಿಗೆ ಕನ್ನಡ ಓದೋಕೆ ಬರೋದು ಅಷ್ಟಕ್ಕಷ್ಟೆ. ಆ ಪುಸ್ತಕ ಇಂಗ್ಲಿಷಿಗೆ ತಂದ ದೀಪಾ ಭಾಸ್ತಿಯವರು ನಮ್ಮ ಮಾತುಗಳನ್ನು ಓರೆ ಅಕ್ಷರದಲ್ಲಿ ಹಾಕಿ ಬೇರೆ ಕೂರಿಸಲಿಲ್ಲ, ಕೆಳಗೆ ಅಡಿಟಿಪ್ಪಣಿಯನ್ನೂ ಕೊಡಲಿಲ್ಲ. ಲಂಡನ್ನಿನ ಓದುಗರಿಗೆ ಅಡಿಟಿಪ್ಪಣಿ ಬೇಕಾಗಲಿಲ್ಲ ಅಂದಮೇಲೆ ಶಿವಮೊಗ್ಗದ ನಿಮ್ಮ ಗೆಳತಿಗೆ ಯಾಕೆ ಬೇಕು?

ಹೊರಮಾವು ಹುಡುಗ | ಭಾನುವಾರ, ರಾತ್ರಿ 11:48

ಎಲ್ಲರದ್ದೂ ಓದ್ತಾ ಹೊಟ್ಟೆಕಿಚ್ಚು ಬರ್ತಿದೆ, ನಿಜ ಹೇಳ್ತೀನಿ. ಅಪ್ಪಂದು ಟ್ರಾನ್ಸ್‌ಫರ್ ಕೆಲಸ. ಐದು ಊರು, ಏಳು ಬಾಡಿಗೆ ಮನೆ. ಮಗ್ಗ ಇಲ್ಲ, ತಮಟೆ ಇಲ್ಲ, ಕುಲದೇವರು ಯಾರು ಅಂತ ಅಮ್ಮಂಗೂ ಅಪ್ಪಂಗೂ ಇನ್ನೂ ತಕರಾರು. ನಾನು ಏನು ಬರೀಲಿ?

ಮಾಗಡಿ ರೋಡು | ಸೋಮವಾರ, ಬೆಳಿಗ್ಗೆ 6:30

ಸಾಮಾನು ಕಟ್ಟುವಾಗ ಯಾವ ಡಬ್ಬ ಕೊನೇಗೆ ಕಟ್ತಿದ್ರಿ, ಹೊಸ ಮನೇಲಿ ಯಾವುದು ಮೊದಲು ಬಿಚ್ತಿದ್ರಿ, ಅಲ್ಲಿಂದ ಶುರು ಮಾಡಪ್ಪ.

ಹೊರಮಾವು ಹುಡುಗ | ಸೋಮವಾರ, ಬೆಳಿಗ್ಗೆ 8:02

ಪ್ರೆಶರ್ ಕುಕ್ಕರು. ಎರಡಕ್ಕೂ ಅದೇ. ಒಳಗೆ ಹಾಲಿನ ಪಾತ್ರೆ, ಬೆಂಕಿಪೊಟ್ಟಣ, ಅಮ್ಮನ ಮಾತ್ರೆ. ಥ್ಯಾಂಕ್ಸ್ ಅಣ್ಣ, ಇದು ನಂಗೆ ಹೊಳೆದೇ ಇರಲಿಲ್ಲ.

ಗಾಂಧಿಬಜಾರ್ ಬೆಂಚು | ಸೋಮವಾರ, ಬೆಳಿಗ್ಗೆ 10:20

ಪ್ರೂಫಿನವರು ಬೈದದ್ದು ಸರಿಯಾಗಿಯೇ ಇದೆ. ರಾತ್ರಿ ಯೋಚನೆ ಮಾಡಿದೆ. ಪಟ್ಟಿ ಹೇಳೋದು ನಮ್ಮ ವಯಸ್ಸಿನವರ ಚಟ, ಏನು ಮಾಡೋದು.

ಆದರೂ ಇನ್ನೊಂದೇ ಒಂದು ಹೆಸರು ಹೇಳಿ ಸುಮ್ಮನಾಗ್ತೀನಿ, ಇದು ಚಪ್ಪಾಳೆಗಲ್ಲ. ಎ.ಕೆ. ರಾಮಾನುಜನ್ ತಮ್ಮ ಮೈಸೂರಿನ ಮನೆಯ ಬಗ್ಗೆ ಹೇಳಿಕೊಂಡಿದ್ದಾರೆ. ಕೆಳಗೆ ಅಡುಗೆಮನೆಯಲ್ಲಿ ಅಮ್ಮನ ಜೊತೆ ತಮಿಳು, ಮಹಡಿಯಲ್ಲಿ ಅಪ್ಪನ ಕೋಣೆಯಲ್ಲಿ ಇಂಗ್ಲಿಷು, ಹೊರಗೆ ಬೀದಿಗೆ ಬಂದರೆ ಕನ್ನಡ. ಮೆಟ್ಟಿಲು ಹತ್ತಿದರೆ ಒಂದು ಭಾಷೆ, ಇಳಿದರೆ ಇನ್ನೊಂದು, ಹೊಸಿಲು ದಾಟಿದರೆ ಮತ್ತೊಂದು. ನಿಮ್ಮ ಮನೆಗೆ ಮಹಡಿ ಇದೆ ಅಂದ್ರಿ, ಅದಕ್ಕೆ ನೆನಪಾಯ್ತು.

ಪ್ರೂಫ್ ನೋಡೋನು | ಸೋಮವಾರ, ಬೆಳಿಗ್ಗೆ 10:55

ಇದು ಪಟ್ಟಿ ಅಲ್ಲ, ಇದು ಕೆಲಸಕ್ಕೆ ಬರೋ ಮಾತು. ಬೆಂಚಿನವರಿಗೆ ಒಂದು ಬೈಟೂ ಕಾಫಿ ನನ್ನ ಲೆಕ್ಕದಲ್ಲಿ.

ಕಂಡಿಕೆಯವರೇ, ಈಗ ನನ್ನದೊಂದು ಪ್ರಶ್ನೆ. ಅವ್ವ ತೆಲುಗಿನವರು ಅಂತಲೇ ನೀವು ಮೊದಲಿನಿಂದ ಹೇಳ್ತಿದ್ದೀರಿ. ಪೇಟೆಯಲ್ಲಿ ವ್ಯಾಪಾರ ಮಾಡಿದ ಹೆಂಗಸು ಬರೀ ತೆಲುಗಿನಲ್ಲಿ ಬದುಕೋಕೆ ಸಾಧ್ಯವೇ ಇಲ್ಲ. ಯಾರ ಹತ್ತಿರ ಯಾವ ಮಾತು ಆಡ್ತಿದ್ದರು? ಒಂದು ದಿನ ಬೆಳಿಗ್ಗೆಯಿಂದ ರಾತ್ರಿವರೆಗೆ ಬರೆದುಕೊಂಡು ನೋಡಿ.

ಕಂಡಿಕೆ | ಸೋಮವಾರ, ರಾತ್ರಿ 11:30

ಪ್ರೂಫ್ ಸರ್, ಬರೆದುಕೊಂಡೆ. ಕೈ ನಡುಗ್ತಿದೆ, ತಪ್ಪಿದ್ದರೆ ಕ್ಷಮಿಸಿ.

ಅಪ್ಪ, ಚಿಕ್ಕಪ್ಪ, ನಾವು ಮೊಮ್ಮಕ್ಕಳು: ತೆಲುಗು. ದೇವರ ಹತ್ತಿರ ಕನ್ನಡ, ಯಾಕೋ ಗೊತ್ತಿಲ್ಲ. ಚೌಡೇಶ್ವರಿಗೆ ಕನ್ನಡದಲ್ಲೇ ಬೇಡಿಕೋತಿದ್ದಳು, ಬೈಯೋದೂ ಕನ್ನಡದಲ್ಲೇ. ಚಿಕ್ಕಪೇಟೆ ಸೇಠು ಸೀರೆ ಲೆಕ್ಕಕ್ಕೆ ಬಂದರೆ ಅರೆಬರೆ ಹಿಂದಿ, ಅವನು ಬೆಲೆ ಇಳಿಸಿದರೆ ಪಕ್ಕದಲ್ಲಿದ್ದ ಅಪ್ಪನಿಗೆ ತೆಲುಗಿನಲ್ಲಿ ‘ಕೊಡಬೇಡ’. ಜರಿಯವನ ಹತ್ತಿರ ದಖನಿ, ಧಾರಾಳವಾಗಿ ನಕ್ಕೊ ಬಳಸ್ತಿದ್ದಳು.

ಅಮ್ಮನ ಹತ್ತಿರ ಕನ್ನಡ.

ಇದನ್ನ ಬರೆದು ಸುಮಾರು ಹೊತ್ತು ನೋಡ್ತಾ ಕೂತೆ. ಅಮ್ಮ ತುಮಕೂರು ಕಡೆಯವಳು, ನಮ್ಮ ಜನವೇ, ಆದರೆ ಅವರದು ಕನ್ನಡದ ಮನೆ. ಮದುವೆಯಾಗಿ ಬಂದ ದಿನದಿಂದ ಅವ್ವ ಅಮ್ಮನ ಜೊತೆ ಕನ್ನಡದಲ್ಲೇ ಮಾತು. ಚಿಕ್ಕವಳಿದ್ದಾಗ ನಾನು ಅದನ್ನ ಮರ್ಯಾದೆ ಅಂದ್ಕೊಂಡಿದ್ದೆ, ಪಾಪ ಅಮ್ಮನಿಗೆ ಅರ್ಥ ಆಗಲಿ ಅಂತ. ಈಗ ನೋಡಿದರೆ ಜರಿಯವನ ಹತ್ತಿರ ಅವನ ಭಾಷೆ, ಸೇಠು ಹತ್ತಿರ ಅವನ ಭಾಷೆ, ಸೊಸೆ ಹತ್ತಿರ ಅವಳ ಭಾಷೆ. ಹೊರಗಿನವರ ಹತ್ತಿರ ಮಾತ್ರ ಅವ್ವ ಅವರವರ ಭಾಷೆ ಆಡ್ತಿದ್ದಳು.

ಒಂದು ಸಲ ಬಿಟ್ಟು. ನನಗೆ ಆಗ ಒಂಬತ್ತು ವರ್ಷ. ಎರಡನೇ ಮಗ್ಗ ಬಿಚ್ಚಿ ಗುಜರಿಗೆ ಕೊಟ್ಟ ದಿನ. ಬಾಗಿಲಲ್ಲಿ ತಳ್ಳುಗಾಡಿ, ಅಪ್ಪ ಒಳಗೆ ಬರಲೇ ಇಲ್ಲ. ಹಜಾರದಲ್ಲಿ ಮಗ್ಗ ಇದ್ದ ಜಾಗ ಬೋಳುಬೋಳಾಗಿ, ನೆಲದ ಮೇಲೆ ಕಾಲಿನ ಗುರುತು ಮಾತ್ರ. ಅವ್ವ ಅಡುಗೆಮನೆ ಬಾಗಿಲಿಗೆ ಬಂದು ಅಮ್ಮನ ಕಡೆ ನೋಡಿ ‘ತಿನ್ನಾವಾ?’ ಅಂದಳು. ತೆಲುಗಿನಲ್ಲಿ. ಅಮ್ಮ ಕನ್ನಡದಲ್ಲಿ ಏನೋ ಉತ್ತರ ಕೊಟ್ಟಳು.

ಕಥೆ ಇದೇ ಅಲ್ವಾ? ಹದಿಮೂರು ವರ್ಷ ಆದಮೇಲೆ ಸೊಸೆ ಒಳಗಿನವಳಾದಳು. ಅವ್ವನ ಬಾಯಲ್ಲಿ ಇಡೀ ಕಥೆಯಲ್ಲಿ ತೆಲುಗು ಅದೊಂದೇ ಮಾತು ಸಾಕು. ನಿದ್ದೆ ಬರ್ತಿಲ್ಲ, ಈಗಲೇ ಕೂತು ಬರೀತೀನಿ.

ನಕ್ಕೊ ಮೇಡಂ | ಮಂಗಳವಾರ, ಬೆಳಿಗ್ಗೆ 7:15

ಮೈಯೆಲ್ಲ ಜುಮ್ಮಂತು. ಕಂಸ ಬೇಡವೇ ಬೇಡ. ‘ತಿನ್ನಾವಾ’ ಯಾರಿಗೆ ಅರ್ಥ ಆಗಲ್ಲ?

ತೋಪಿ ತೆನಿ | ಮಂಗಳವಾರ, ಬೆಳಿಗ್ಗೆ 7:40

ಕುಣಿಕಿ ಸಿಕ್ತು ನೋಡ್ರಿ.

ಸಿರಿಗನ್ನಡ_76 | ಮಂಗಳವಾರ, ಬೆಳಿಗ್ಗೆ 8:10

ಒಂದು ಮಾತಿಗಾದರೆ ನನ್ನ ಅಭ್ಯಂತರವಿಲ್ಲ.

ಮಾಗಡಿ ರೋಡು | ಮಂಗಳವಾರ, ಬೆಳಿಗ್ಗೆ 8:45

ಬಹಳ ಚೆನ್ನಾಗಿದೆ ತಂಗಿ. ಚೆನ್ನಾಗಿದೆ ಅನ್ನೋದೇ ನನಗೆ ಸ್ವಲ್ಪ ಅನುಮಾನ. ಒಂಬತ್ತು ವರ್ಷದ ಮಗು ನೆನಪು ಇದು. ಅಮ್ಮನ್ನ ಕೇಳಿದ್ರಾ?

ನಾನು ನಮ್ಮಪ್ಪನ್ನ ಕೇಳಲಿಲ್ಲ ಅಂತ ಮೇಲೆ ಬರೆದೆನಲ್ಲ, ಅದು ನನ್ನ ತಪ್ಪು. ನೀವು ಆ ತಪ್ಪು ಮಾಡಬೇಡಿ.

ಕಂಡಿಕೆ | ಬುಧವಾರ, ರಾತ್ರಿ 10:05

ಕೇಳಿದೆ. ಅಮ್ಮ ಅವರೆಕಾಯಿ ಸುಲೀತಾ ಕೂತಿದ್ದಳು. (ಪ್ರೂಫ್ ಸರ್, ಅವರೆಕಾಯಿ ನಿಜವಾಗಿಯೂ ಇತ್ತು, ನಾನು ಹಾಕಿದ್ದಲ್ಲ.) ಕಥೆ ಓದಿ ಹೇಳಿದೆ. ಪೂರಾ ಕೇಳಿ, ಸಿಪ್ಪೆ ಬುಟ್ಟಿ ಪಕ್ಕಕ್ಕೆ ಸರಿಸಿ, ಅಮ್ಮ ಅಂದಳು:

‘ಅವತ್ತು ನಿಮ್ಮವ್ವ ಕೇಳಿದ್ದು ನನ್ನನ್ನಲ್ಲ ಕಣೇ. ನಿನ್ನನ್ನ. ನೀನು ನನ್ನ ಹಿಂದೆ ಸೆರಗು ಹಿಡ್ಕೊಂಡು ನಿಂತಿದ್ದೆ. ನೀನು ಬಾಯಿಬಿಡಲಿಲ್ಲ, ಅದಕ್ಕೆ ನಾನೇ ತಿಂದ್ಲು ಅತ್ತೆ ಅಂದೆ.’

ನನ್ನ ಕಥೆ ಅಲ್ಲಿಗೆ ಮುಗೀತು ಅಂದ್ಕೊಂಡೆ. ಏನು ಮಾತಾಡೋದು ಅಂತ ತೋಚದೆ, ‘ಹಂಗಾದ್ರೆ ಅವ್ವ ನಿನ್ನ ಹತ್ತಿರ ಒಂದು ದಿನವೂ ತೆಲುಗು ಆಡಲೇ ಇಲ್ವಾ?’ ಅಂದೆ.

‘ಆಡಲಿಲ್ಲ. ಆದ್ರೆ ಅವತ್ತು ನನ್ನ ಮುಖ ನೋಡಿದ್ರು ನೋಡು, ಒಂದು ನಿಮಿಷ. ನನಗೆ ಬರುತ್ತೆ ಅಂತ ಅವರಿಗೆ ಗೊತ್ತಾಗಿದ್ದು ಅವತ್ತೇ.’

‘ನಿಂಗೆ ಯಾವಾಗ ಬಂತಮ್ಮ?’

‘ಬಂದ ಮೂರೇ ತಿಂಗಳಿಗೆ. ನನ್ನ ಬಗ್ಗೆ ಮಾತಾಡ್ತಿದ್ದದ್ದೆಲ್ಲ ಗೊತ್ತಾಗ್ತಿತ್ತು. ಸಾರಿಗೆ ಉಪ್ಪು ಜಾಸ್ತಿ, ಅಪ್ಪನ ಮನೆಯವರು ಜಿಪುಣರು, ಎಲ್ಲಾ.’

‘ಹದಿಮೂರು ವರ್ಷ ಯಾಕೆ ಹೇಳಲಿಲ್ಲ?’

ಅಮ್ಮ ಬುಟ್ಟಿ ಮತ್ತೆ ಹತ್ತಿರ ಎಳ್ಕೊಂಡಳು. ‘ಹೇಳಿದ್ದಿದ್ರೆ ನನ್ನ ಮುಂದೆ ಮಾತಾಡೋದು ಬಿಟ್ಟುಬಿಡ್ತಿದ್ರು. ಆಮೇಲೆ ಆ ಮನೇಲಿ ಏನು ನಡೀತಿದೆ ಅಂತ ನಂಗೆ ಹೆಂಗೆ ಗೊತ್ತಾಗಬೇಕು?’

ಈ ಕೊನೆ ಮಾತನ್ನ ತೆಲುಗಿನಲ್ಲಿ ಅಂದಳು. ಒಂದು ತಪ್ಪಿಲ್ಲ, ಅವ್ವನದೇ ರಾಗ. ನಾನು ಹುಟ್ಟಿದಾಗಿನಿಂದ ಅಮ್ಮನ ಬಾಯಲ್ಲಿ ತೆಲುಗು ಕೇಳಿದ್ದು ಇದೇ ಮೊದಲು.

ಬರೆದದ್ದನ್ನೆಲ್ಲ ಪಕ್ಕಕ್ಕಿಟ್ಟು ಮೊದಲಿನಿಂದ ಶುರು ಮಾಡಿದ್ದೀನಿ. ಈ ಸಲ ಅವ್ವ ಬಾಗಿಲ ಆಚೆ ಇರ್ತಾಳೆ, ಅವಳ ಮಾತು ಅಡುಗೆಮನೆಗೆ ಎಷ್ಟು ಕೇಳುತ್ತೋ ಅಷ್ಟೇ. ‘ಅವ್ವ’, ‘ಅಮ್ಮ’ ಎರಡೂ ಹಾಗೇ ಇರುತ್ತೆ, ಇಳಕಲ್ ಕಡೆಯವರು ಕ್ಷಮಿಸಬೇಕು.

ತೋಪಿ ತೆನಿ | ಬುಧವಾರ, ರಾತ್ರಿ 10:12

ಕ್ಷಮಾ ಗಿಮಾ ಏನಿಲ್ಲ. ಮುಗಿಸಿ ಕಳಸ್ರಿ, ಎರಡ ಸಲ ಅಳಾಕ ತಯಾರ ಅದೀನಿ.

ಪ್ರೂಫ್ ನೋಡೋನು | ಬುಧವಾರ, ರಾತ್ರಿ 10:30

ಅಮ್ಮ ತೆಲುಗಿನಲ್ಲಿ ಹೇಳಿದ ಆ ಮಾತನ್ನ ಇಲ್ಲಿ ಕನ್ನಡದಲ್ಲಿ ಬರೆದಿದ್ದೀರಿ. ಕಥೆಯಲ್ಲಿ ಏನು ಮಾಡ್ತೀರಿ?

ಕಂಡಿಕೆ | ಬುಧವಾರ, ರಾತ್ರಿ 11:52

ಅದೇ ಯೋಚನೆ ಮಾಡ್ತಾ ಕೂತಿದ್ದೀನಿ ಸರ್.